ಡಿಗ್ರಿಯೋ, ಸರ್ಟಿಫಿಕೇಟೋ? ಡಿ ಆನ್ಜಾ ಕಾಲೇಜಿನಲ್ಲಿ ಒಂದು ಸುತ್ತು

ಕ್ಯಾಲಿಫೋರ್ನಿಯಾದ ಕೂಪರ್ಟಿನೊದಲ್ಲಿ ಸ್ಟೀವನ್ಸ್ ಕ್ರೀಕ್ ಬೊಲೆವಾರ್ಡ್ 85ನೇ ಹೆದ್ದಾರಿಯನ್ನು ದಾಟುವ ಕಡೆ, ದಕ್ಷಿಣದ ಮಗ್ಗುಲಿಗೆ ಕೆಂಪು ಹೆಂಚಿನ ಮಾಡುಗಳ ಸಾಲು ಕಾಣಿಸುತ್ತದೆ. ಅದೇ ಡಿ ಆನ್ಜಾ ಕಾಲೇಜು. ಒಳಗೆ ಹೋಗುವವರನ್ನು ನಿಲ್ಲಿಸಿ ಐಡಿ ಕಾರ್ಡ್ ಕೇಳುವ ಕಾವಲುಗಾರ ಇಲ್ಲಿಲ್ಲ. ಬಸ್ಸಿಳಿದವರು ನೇರ ನಡೆದುಬಿಡುತ್ತಾರೆ. ಬೆಳಗಿನ ಒಂಬತ್ತರ ಹೊತ್ತಿಗೆ ಹಾಗೆ ನಡೆದು ಬರುವವರನ್ನು ಸುಮ್ಮನೆ ನಿಂತು ನೋಡಬೇಕು. ಹದಿನೆಂಟರ ಹುಡುಗ ಹುಡುಗಿಯರು, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡ ತಾಯಿ, ರಾತ್ರಿ ಪಾಳಿ ಮುಗಿಸಿ ಕೆಲಸದ ಬಟ್ಟೆಯಲ್ಲೇ ಬಂದವರು, ತಲೆ ನರೆತ ಗಂಡಸರು ಎಲ್ಲರೂ ಆ ಗುಂಪಿನಲ್ಲಿದ್ದಾರೆ. ಯಾರ ಮುಖದಲ್ಲೂ ಸಂಕೋಚವಿಲ್ಲ.

ಸಂಕೋಚ ಇದ್ದದ್ದು ನನ್ನ ಜೊತೆ ಬಂದಿದ್ದ ಇಬ್ಬರಲ್ಲಿ. ನನ್ನ ತಮ್ಮನ ಹೆಂಡತಿ ದಾವಣಗೆರೆಯಲ್ಲಿ ಮೈಕ್ರೋಬಯಾಲಜಿ ಬಿ.ಎಸ್ಸಿ. ಓದಿದವಳು. ಮದುವೆಗೆ ಮುಂಚೆ ಅಲ್ಲಿನ ಒಂದು ಲ್ಯಾಬಿನಲ್ಲಿ ಕೆಲಸವನ್ನೂ ಮಾಡಿದ್ದಳು. ಅಮೆರಿಕಕ್ಕೆ ಬಂದಮೇಲೆ ಮನೆ, ಮಗ, ವೀಸಾ ಎಂದು ವರ್ಷಗಳು ಸರಿದುಹೋದವು. ಈಗ ಕೆಲಸ ಮಾಡುವ ಅನುಮತಿ ಕೈಗೆ ಬಂದಿದೆ. "ಅಕ್ಕ, ಈ ವಯಸ್ಸಲ್ಲಿ ಆ ಮಕ್ಕಳ ಮಧ್ಯೆ ಕೂತ್ಕೊಂಡು ಪಾಠ ಕೇಳೋಕಾಗುತ್ತಾ?" ಅಂತ ಕಾರಿನಲ್ಲೇ ಕೇಳಿದ್ದಳು. ಅವಳ ಮಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾನೆ. ಅವನ ಚಿಂತೆ ಬೇರೆ. "ಅತ್ತೆ, ನನ್ನ ಫ್ರೆಂಡ್ಸ್ ಎಲ್ಲಾ ಬರ್ಕ್ಲಿ, ಯುಸಿಎಲ್‌ಎ ಅಂತಿದ್ದಾರೆ. ನಾನು ಡಿ ಆನ್ಜಾ ಅಂದ್ರೆ ಏನಂದ್ಕೋತಾರೆ?"

ಈ ಪ್ರಶ್ನೆಯನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಕೂಪರ್ಟಿನೊ ಸುತ್ತಮುತ್ತ ನಮ್ಮ ಜನರ ಮನೆಗಳಲ್ಲಿ ಕಮ್ಯುನಿಟಿ ಕಾಲೇಜು ಎಂಬ ಮಾತು ಬಂದರೆ ದನಿ ತಗ್ಗುತ್ತದೆ. ಅಂಕ ಕಡಿಮೆಯಾದವರು ಹೋಗುವ ಜಾಗ ಎಂಬ ಭಾವನೆ ಗಟ್ಟಿಯಾಗಿದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸೈನ್ಸೋ, ಕಾಮರ್ಸೋ, ಆರ್ಟ್ಸೋ ಎಂದು ಹದಿನಾರಕ್ಕೇ ತೀರ್ಮಾನವಾಗಿಬಿಡಬೇಕು. ಒಮ್ಮೆ ಹಿಡಿದ ದಾರಿ ಬಿಟ್ಟು ಇನ್ನೊಂದಕ್ಕೆ ಬರುವುದು ಬಹಳ ಕಷ್ಟ. ಆ ಅನುಭವವನ್ನು ಹೊತ್ತು ಬಂದ ತಂದೆತಾಯಿಗೆ, ನಲವತ್ತರಲ್ಲೂ ಹೊಸ ವಿದ್ಯೆಗೆ ಹೆಸರು ಬರೆಸಬಹುದಾದ ಕಾಲೇಜು ನಂಬಲಾಗದ ಸಂಗತಿಯೇ.

ಇಂಥ ಕಾಲೇಜುಗಳ ಮೂಲ 1901ರಷ್ಟು ಹಿಂದಕ್ಕೆ ಹೋಗುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಅವರ ಪ್ರೇರಣೆಯಿಂದ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ, ಪದವಿಯ ಮೊದಲ ಎರಡು ವರ್ಷವನ್ನು ಊರಿನಲ್ಲೇ ಓದಿಸುವ ಕಾಲೇಜು ಶುರುವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಮೊದಲನೆಯದು 1910ರಲ್ಲಿ ಫ್ರೆಸ್ನೊದಲ್ಲಿ ತೆರೆಯಿತು. 1960ರ ಮಾಸ್ಟರ್ ಪ್ಲಾನ್ ಈ ರಾಜ್ಯದ ಉನ್ನತ ಶಿಕ್ಷಣವನ್ನು ಮೂರು ಹಂತವಾಗಿ ಕಟ್ಟಿತು. ಮೇಲೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ), ನಡುವೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಬುಡದಲ್ಲಿ ಕಮ್ಯುನಿಟಿ ಕಾಲೇಜುಗಳು. ಬುಡದವು ಯಾರನ್ನೂ ಅಂಕ ನೋಡಿ ಹಿಂದಕ್ಕೆ ಕಳಿಸಬಾರದು, ಅಲ್ಲಿ ಚೆನ್ನಾಗಿ ಓದಿದವರಿಗೆ ಮೇಲಿನ ಎರಡರಲ್ಲೂ ಮೂರನೇ ವರ್ಷಕ್ಕೆ ಜಾಗ ಇರಬೇಕು ಎಂಬುದು ಅದರ ತಿರುಳು. ಇಂದು ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಡಿ ಆನ್ಜಾ ಅವುಗಳಲ್ಲೊಂದು. ಇದು 1967ರಲ್ಲಿ ತೆರೆಯಿತು. ಅಕ್ಕನಂತಿರುವ ಫುಟ್‌ಹಿಲ್ ಕಾಲೇಜು ಪಕ್ಕದ ಲಾಸ್ ಆಲ್ಟೋಸ್ ಹಿಲ್ಸ್‌ನಲ್ಲಿದೆ.

ಕ್ಯಾಂಪಸ್ಸಿನ ಸೊಗಸಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಈ 112 ಎಕರೆ ಹಿಂದೆ ದ್ರಾಕ್ಷಿ ತೋಟವಾಗಿತ್ತು. ತೋಟದ ಒಡೆಯ ಚಾರ್ಲ್ಸ್ ಬಾಲ್ಡ್ವಿನ್‌ಗಾಗಿ 1890ರ ದಶಕದಲ್ಲಿ ವಾಸ್ತುಶಿಲ್ಪಿ ವಿಲ್ಲಿಸ್ ಪೋಕ್ ಕಟ್ಟಿದ ಬಿಳಿ ಕಂಬಗಳ ಮನೆ ಈಗಲೂ ಇದೆ. ಅದರ ಹೆಸರು ಲ ಪೆಟಿ ಟ್ರಿಯನಾನ್. ಕಾಲೇಜಿನ ಕ್ಯಾಲಿಫೋರ್ನಿಯಾ ಚರಿತ್ರೆಯ ಕೇಂದ್ರ ಅದರೊಳಗಿದೆ. ರಸ್ತೆಯ ಕಡೆಗಿದ್ದ ಫ್ಲಿಂಟ್ ಸೆಂಟರ್ ಎಂಬ ರಂಗಮಂದಿರದಲ್ಲೇ 1984ರ ಜನವರಿ 24ರಂದು ಸ್ಟೀವ್ ಜಾಬ್ಸ್ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರನ್ನು ಚೀಲದಿಂದ ಹೊರತೆಗೆದದ್ದು. ಆ ಮಂದಿರವನ್ನು 2019ರಲ್ಲಿ ಮುಚ್ಚಿದರು. ಆಪಲ್ ಸ್ಥಾಪಕರಲ್ಲಿ ಇನ್ನೊಬ್ಬರಾದ ಸ್ಟೀವ್ ವೋಜ್ನಿಯಾಕ್ ಬರ್ಕ್ಲಿಗೆ ಹೋಗುವ ಮುಂಚೆ ಪಾಠ ಕೇಳಿದ್ದು ಇದೇ ಡಿ ಆನ್ಜಾದಲ್ಲಿ. ಇದನ್ನು ಹುಡುಗನಿಗೆ ಹೇಳಿದೆ. ಅವನ ನಡಿಗೆ ಸ್ವಲ್ಪ ಚುರುಕಾಯಿತು.

ರಿಜಿಸ್ಟ್ರೇಷನ್ ಕಟ್ಟಡದೊಳಗೆ ಸಾಲುಸಾಲು ಕಿಟಕಿಗಳಿವೆ. ಅರ್ಜಿ, ಶುಲ್ಕ, ಹಣಕಾಸು ನೆರವು ಒಂದೊಂದಕ್ಕೂ ಪ್ರತ್ಯೇಕ ಕೌಂಟರು. ಹೊಸಬರು ಇಲ್ಲಿ ಎಡವುವುದು ಲೆಕ್ಕದ ಭಾಷೆಯಲ್ಲಿ. ಇಲ್ಲಿ ಓದನ್ನು ವರ್ಷದಿಂದ ಅಳೆಯುವುದಿಲ್ಲ, ಯೂನಿಟ್‌ನಿಂದ ಅಳೆಯುತ್ತಾರೆ. ವಾರಕ್ಕೆ ಒಂದು ಗಂಟೆ ತರಗತಿ, ಅದಕ್ಕೆ ಮನೆಯಲ್ಲಿ ಎರಡು ಗಂಟೆ ಓದು ಸೇರಿದರೆ ಸುಮಾರಾಗಿ ಒಂದು ಯೂನಿಟ್. ಒಂದೊಂದು ವಿಷಯಕ್ಕೆ ಸಾಮಾನ್ಯವಾಗಿ ನಾಲ್ಕೋ ಐದೋ ಯೂನಿಟ್ ಇರುತ್ತದೆ. ಡಿ ಆನ್ಜಾದಲ್ಲಿ ಕ್ವಾರ್ಟರ್ ಪದ್ಧತಿ. ಪರೀಕ್ಷೆಯೂ ಸೇರಿ ಹನ್ನೆರಡು ವಾರಕ್ಕೆ ಒಂದು ಕ್ವಾರ್ಟರ್ ಮುಗಿಯುತ್ತದೆ. ಬಹುತೇಕ ಬೇರೆ ಕಮ್ಯುನಿಟಿ ಕಾಲೇಜುಗಳದು ಸೆಮಿಸ್ಟರ್ ಪದ್ಧತಿ. ಹಾಗಾಗಿ ಯಾರಾದರೂ "ಹನ್ನೆರಡು ಯೂನಿಟ್ ಮಾಡಿದರೆ ಸಾಕು" ಎಂದಾಗ ಯಾವ ಯೂನಿಟ್ ಎಂದು ಕೇಳಬೇಕು. ಹನ್ನೆರಡು ಸೆಮಿಸ್ಟರ್ ಯೂನಿಟ್ ಅಂದರೆ ಹದಿನೆಂಟು ಕ್ವಾರ್ಟರ್ ಯೂನಿಟ್. ಸ್ನೇಹಿತರ ಮಾತು ನಂಬಿ ಒಂದು ವಿಷಯ ಕಡಿಮೆ ಓದಿ, ಕೆಲಸಕ್ಕೆ ಅರ್ಜಿ ಹಾಕುವಾಗ ಪರದಾಡಿದವರ ಕಥೆಯನ್ನು ಇಲ್ಲಿನ ಕನ್ನಡ ಮನೆಗಳಲ್ಲಿ ಕೇಳಿದ್ದೇನೆ.

ಇಲ್ಲಿ ಕೊಡುವ ಡಿಗ್ರಿಯ ಹೆಸರು ಅಸೋಸಿಯೇಟ್. ಕಲೆ, ಮಾನವಿಕ ವಿಷಯಗಳಿಗೆ ಎ.ಎ., ವಿಜ್ಞಾನ ತಾಂತ್ರಿಕ ವಿಷಯಗಳಿಗೆ ಎ.ಎಸ್. ಒಟ್ಟು 90 ಕ್ವಾರ್ಟರ್ ಯೂನಿಟ್ ಬೇಕು. ಅದರಲ್ಲಿ ಒಂದು ಭಾಗ ಆರಿಸಿಕೊಂಡ ವಿಷಯಕ್ಕೆ, ಇನ್ನೊಂದು ಭಾಗ ಇಂಗ್ಲಿಷ್, ಗಣಿತ, ಚರಿತ್ರೆ, ವಿಜ್ಞಾನ ಮುಂತಾದ ಸಾಮಾನ್ಯ ಶಿಕ್ಷಣಕ್ಕೆ. ಸರ್ಟಿಫಿಕೇಟಿನಲ್ಲಿ ಈ ಸಾಮಾನ್ಯ ಶಿಕ್ಷಣದ ಭಾಗ ಇರುವುದಿಲ್ಲ, ಕಸುಬಿನ ವಿಷಯಗಳು ಮಾತ್ರ. ಅದರಲ್ಲೂ ಮಟ್ಟಗಳಿವೆ. ಎರಡು ಮೂರು ತರಗತಿಯಲ್ಲಿ ಮುಗಿಯುವ ಸ್ಕಿಲ್ಸ್ ಸರ್ಟಿಫಿಕೇಟ್, ಅದಕ್ಕಿಂತ ದೊಡ್ಡದಾದ ಸರ್ಟಿಫಿಕೇಟ್ ಆಫ್ ಅಚೀವ್‌ಮೆಂಟ್, ಅದರ ಮೇಲೆ ಅಡ್ವಾನ್ಸ್‌ಡ್ ಎಂದು ಸೇರಿಸಿದ್ದು. ಅನೇಕ ವಿಭಾಗಗಳಲ್ಲಿ ಇವನ್ನು ಮೆಟ್ಟಿಲಿನಂತೆ ಜೋಡಿಸಿದ್ದಾರೆ. ಸಣ್ಣದಕ್ಕೆ ಓದಿದ ವಿಷಯಗಳೇ ದೊಡ್ಡದಕ್ಕೂ, ಕೊನೆಗೆ ಡಿಗ್ರಿಗೂ ಎಣಿಕೆಯಾಗುತ್ತವೆ. ಇದನ್ನು ತಿಳಿದುಕೊಂಡರೆ ಮೊದಲ ದಿನವೇ ಎರಡರಲ್ಲೊಂದನ್ನು ಆರಿಸಲೇಬೇಕೆಂಬ ಆತಂಕ ಅರ್ಧ ಇಳಿಯುತ್ತದೆ. ಸ್ಕಿಲ್ಸ್ ಸರ್ಟಿಫಿಕೇಟಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಂಥ ಚಿಕ್ಕ ಸರ್ಟಿಫಿಕೇಟುಗಳಿಗೆ ಸಾಮಾನ್ಯವಾಗಿ ಫೆಡರಲ್ ಹಣಕಾಸು ನೆರವು ಸಿಗುವುದಿಲ್ಲ. ಅಧಿಕೃತ ಅಂಕಪಟ್ಟಿಯಲ್ಲಿ ಅದು ನಮೂದಾಗುತ್ತದೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ಶುಲ್ಕದ ಮಾತು ಬಂದಾಗ ತಮ್ಮನ ಹೆಂಡತಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಒಂದು ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್. ಇಡೀ 90 ಯೂನಿಟ್‌ಗೆ 2,790 ಡಾಲರ್. ಪುಸ್ತಕ, ಪಾರ್ಕಿಂಗ್, ಸಣ್ಣಪುಟ್ಟ ಶುಲ್ಕ ಬೇರೆ. ಸ್ಟೇಟ್ ಯೂನಿವರ್ಸಿಟಿಯ ಒಂದೇ ವರ್ಷದ ಬೋಧನಾ ಶುಲ್ಕ ಆರು ಸಾವಿರ ಡಾಲರ್ ದಾಟುತ್ತದೆ. ಆದರೆ ನಿವಾಸಿ ಎಂದು ಒಪ್ಪಿಸಿಕೊಳ್ಳಲು ರಾಜ್ಯದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ನೆಲೆಸಿರಬೇಕು, ಇಲ್ಲೇ ಇರುವ ಉದ್ದೇಶಕ್ಕೆ ದಾಖಲೆ ಕೊಡಬೇಕು. ಕೆಲಸದ ವೀಸಾವಾದ ಎಚ್-1ಬಿಯವರು, ಅವರ ಕುಟುಂಬದ ಎಚ್-4 ವೀಸಾದವರು ಹೀಗೆ ನಿವಾಸಿಗಳಾಗಬಹುದು. ವಿದ್ಯಾರ್ಥಿ ವೀಸಾವಾದ ಎಫ್-1ರವರಿಗೆ ಆ ಅವಕಾಶವಿಲ್ಲ, ಅವರು ಹಲವು ಪಟ್ಟು ಹೆಚ್ಚು ಕಟ್ಟಬೇಕು. ಫೆಡರಲ್ ಸರ್ಕಾರದ ನೆರವು ಎಚ್-4ನವರಿಗೂ ಸಿಗದು.

ಅಲ್ಲಿಂದ ನಮ್ಮನ್ನು ಕೌನ್ಸಿಲಿಂಗ್‌ಗೆ ಕಳಿಸಿದರು. ನನ್ನ ದೃಷ್ಟಿಯಲ್ಲಿ ಈ ಕಾಲೇಜಿನ ಅತಿ ಮುಖ್ಯ ಕೋಣೆ ಇದೇ. ಕೌನ್ಸಿಲರ್ ಎಂದರೆ ಇಲ್ಲಿ ಬುದ್ಧಿವಾದ ಹೇಳುವವರಷ್ಟೇ ಅಲ್ಲ. ಯಾವ ಕ್ವಾರ್ಟರಿನಲ್ಲಿ ಯಾವ ವಿಷಯ ಎಂದು ಕೊನೆಯವರೆಗೆ ಬರೆದುಕೊಡುವ ಓದಿನ ನಕ್ಷೆಗೆ ಅವರೇ ಆಧಾರ. ಅದಕ್ಕೆ ಎಡ್ ಪ್ಲಾನ್ ಅನ್ನುತ್ತಾರೆ. ನಾವು ಕೂತ ಕೂಡಲೇ ನಮ್ಮ ಕೌನ್ಸಿಲರ್ ಕೇಳಿದ ಮೊದಲ ಪ್ರಶ್ನೆ ನನಗೆ ಬಹಳ ಹಿಡಿಸಿತು. ಯಾವ ಕೋರ್ಸ್ ಬೇಕು ಎಂದು ಅವರು ಕೇಳಲಿಲ್ಲ. ಇಲ್ಲಿಂದ ಹೊರಗೆ ಹೋದಮೇಲೆ ಎಲ್ಲಿರಬೇಕೆಂದಿದ್ದೀರಿ, ಅಲ್ಲಿಗೆ ಯಾರ ಅನುಮತಿ ಬೇಕು ಎಂದು ಕೇಳಿದರು. ಡಿಗ್ರಿಯೋ ಸರ್ಟಿಫಿಕೇಟೋ ಎಂಬ ನಮ್ಮ ಗೊಂದಲಕ್ಕೆ ಉತ್ತರ ಇರುವುದು ಅಲ್ಲೇ. ರಾಜ್ಯದ ಲೈಸನ್ಸ್ ಬೇಕಾದ ಕೆಲಸವಾದರೆ ಲೈಸನ್ಸ್ ಕೊಡುವ ಮಂಡಳಿ ಹೇಳಿದ್ದೇ ಅಳತೆ. ವಿಶ್ವವಿದ್ಯಾಲಯಕ್ಕೆ ಹೋಗಬೇಕಾದರೆ ಆ ವಿಶ್ವವಿದ್ಯಾಲಯದ ಆ ವಿಭಾಗ ಕೇಳುವ ವಿಷಯಗಳೇ ಅಳತೆ. ಕಾಲೇಜಿನ ಕ್ಯಾಟಲಾಗ್ ಅವೆರಡರ ನಂತರದ್ದು.

ಹುಡುಗನ ಸರದಿ ಮೊದಲು. ಅವನಿಗೆ ಕಂಪ್ಯೂಟರ್ ಸೈನ್ಸ್ ಓದಬೇಕು, ನಾಲ್ಕು ವರ್ಷದ ಪದವಿಯೇ ಬೇಕು. ಅಂಥವರಿಗೆ ಇಲ್ಲಿ ಟ್ರಾನ್ಸ್‌ಫರ್ ಎಂಬ ದಾರಿ. ಎರಡು ವರ್ಷ ಇಲ್ಲಿ, ಉಳಿದೆರಡು ಅಲ್ಲಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್ಸುಗಳು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ನಿಗದಿತ ವಿಷಯ ಮತ್ತು ಅಂಕ ಪೂರೈಸಿದ ಕಮ್ಯುನಿಟಿ ಕಾಲೇಜಿನವರಿಗೆ ಪ್ರವೇಶದ ಖಾತರಿ ಬರೆದುಕೊಡುತ್ತವೆ. ಇದಕ್ಕೆ ಟ್ಯಾಗ್ ಎಂದು ಹೆಸರು. ಅರ್ಜಿಯನ್ನು ಸೆಪ್ಟೆಂಬರ್ ತಿಂಗಳಲ್ಲಿ ಹಾಕಬೇಕು, ಒಂದೇ ಕ್ಯಾಂಪಸ್ಸಿಗೆ. ಹೆಚ್ಚು ಜನ ನುಗ್ಗುವ ಕೆಲವು ವಿಭಾಗಗಳು ಈ ಖಾತರಿಯ ಹೊರಗಿರುತ್ತವೆ, ಆ ಪಟ್ಟಿಯನ್ನು ಆಯಾ ವರ್ಷ ನೋಡಿಕೊಳ್ಳಬೇಕು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಟ್ಯಾಗ್ ಕೊಡುವುದಿಲ್ಲ. ಆದರೆ ಅವೂ ಪ್ರತಿವರ್ಷ ಕಮ್ಯುನಿಟಿ ಕಾಲೇಜುಗಳಿಂದ ದೊಡ್ಡ ಸಂಖ್ಯೆಯಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ.

ಸ್ಟೇಟ್ ಯೂನಿವರ್ಸಿಟಿಯ ದಾರಿ ಬೇರೆ. 2010ರ ಒಂದು ಕಾನೂನಿನಿಂದ ಟ್ರಾನ್ಸ್‌ಫರ್‌ಗೆಂದೇ ರೂಪಿಸಿದ ಅಸೋಸಿಯೇಟ್ ಡಿಗ್ರಿ ಬಂತು. ಹೆಸರಿನ ಕೊನೆಯಲ್ಲಿ "ಟಿ" ಅಕ್ಷರ ಇರುತ್ತದೆ. ಅದನ್ನು ಮುಗಿಸಿದವರಿಗೆ ಆ ವ್ಯವಸ್ಥೆಯ ಯಾವುದಾದರೂ ಒಂದು ಕ್ಯಾಂಪಸ್ಸಿನಲ್ಲಿ ಜಾಗ ಖಚಿತ, ಅಲ್ಲಿ ಉಳಿಯುವುದು 60 ಸೆಮಿಸ್ಟರ್ ಯೂನಿಟ್ ಮಾತ್ರ. "ಯಾವುದಾದರೂ" ಎಂಬ ಮಾತನ್ನು ಗಮನಿಸಿ. ಮನೆಯ ಹತ್ತಿರದ ಸ್ಯಾನ್ ಹೊಸೆ ಸ್ಟೇಟೇ ಸಿಗುತ್ತದೆಂಬ ಖಾತರಿ ಅದರಲ್ಲಿಲ್ಲ.

ನಮ್ಮ ಹುಡುಗನಿಗೆ ಕೌನ್ಸಿಲರ್ ಹೇಳಿದ ಮುಖ್ಯ ಮಾತು ತಂದೆತಾಯಿಗಳೆಲ್ಲ ಕೇಳಿಸಿಕೊಳ್ಳಬೇಕಾದದ್ದು. ಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್‌ನಂಥ ವಿಭಾಗಗಳಿಗೆ ಅಸೋಸಿಯೇಟ್ ಡಿಗ್ರಿಯ ಕಾಗದಕ್ಕಿಂತ ಮುಖ್ಯವಾದದ್ದು ಕ್ಯಾಲ್ಕುಲಸ್, ಭೌತಶಾಸ್ತ್ರ, ಪ್ರೋಗ್ರಾಮಿಂಗ್‌ನಂಥ ಬುನಾದಿ ವಿಷಯಗಳು. ಡಿಗ್ರಿ ಕೈಗೆ ಬರಲಿ ಎಂದು ಬೇಡದ ವಿಷಯಗಳನ್ನು ತುಂಬಿಕೊಂಡು, ಬೇಕಾದ ಕ್ಯಾಲ್ಕುಲಸ್ ಹಿಂದೆ ಬಿದ್ದರೆ ವರ್ಷ ಹೋಗುತ್ತದೆ. ಡಿ ಆನ್ಜಾದ ಯಾವ ವಿಷಯ ಯಾವ ವಿಶ್ವವಿದ್ಯಾಲಯದ ಯಾವ ವಿಷಯಕ್ಕೆ ಸಮ ಎಂದು ತೋರಿಸುವ ಅಸಿಸ್ಟ್ ಎಂಬ ಸಾರ್ವಜನಿಕ ಜಾಲತಾಣವಿದೆ. ಕೌನ್ಸಿಲರ್ ತಮ್ಮ ಪರದೆಯಲ್ಲಿ ತೆರೆದು ತೋರಿಸಿದ ಅದೇ ಪಟ್ಟಿಯನ್ನು ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದು. ಹುಡುಗ ಅಲ್ಲೇ ಮೊಬೈಲಿನಲ್ಲಿ ಡೇವಿಸ್, ಸಾಂಟಾ ಕ್ರೂಜ್‌ಗಳ ಪಟ್ಟಿ ತೆಗೆದು ಹೋಲಿಸತೊಡಗಿದ. ಆಮೇಲೆ ಫ್ರೆಂಡ್ಸ್ ಏನಂದುಕೊಳ್ಳುತ್ತಾರೆಂಬ ಮಾತು ಅವನ ಬಾಯಿಂದ ಬರಲಿಲ್ಲ.

ಎಚ್-4 ಮಕ್ಕಳ ಮನೆಯವರು ಇಲ್ಲಿ ಇನ್ನೊಂದು ಲೆಕ್ಕ ಹಾಕಲೇಬೇಕು. 21 ತುಂಬಿದ ದಿನ ಮಗುವಿನ ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಭಾರತೀಯರ ಕಾಯುವಿಕೆ ಎಷ್ಟೆಂದು ಎಲ್ಲರಿಗೂ ಗೊತ್ತು. ಹದಿನೆಂಟಕ್ಕೆ ಕಾಲೇಜು ಸೇರಿದರೆ ಇಲ್ಲಿನ ಎರಡು ವರ್ಷ ಕಳೆದು ವಿಶ್ವವಿದ್ಯಾಲಯದಲ್ಲಿರುವಾಗ ಆ ದಿನ ಬರುತ್ತದೆ. ಆಗ ಬಹುಮಟ್ಟಿಗೆ ಎಫ್-1ಗೆ ಬದಲಾಗಬೇಕು, ಶುಲ್ಕವೂ ಬದಲಾಗಬಹುದು. ಅದಕ್ಕೇ ನಾನು ಹೇಳುವುದು, ಇಂಥ ಮನೆಗಳಲ್ಲಿ ಎರಡು ವರ್ಷದ ಓದನ್ನು ಮೂರಕ್ಕೆ ಎಳೆಯದಂತೆ ಯೋಜಿಸುವುದು ಹಣಕ್ಕಿಂತ ಹೆಚ್ಚಿನ ವಿಷಯ. ಹೈಸ್ಕೂಲಿನಲ್ಲಿರುವಾಗಲೇ ಇಲ್ಲಿನ ಒಂದೆರಡು ವಿಷಯ ಓದಲು ಡ್ಯುಯಲ್ ಎನ್‌ರೋಲ್‌ಮೆಂಟ್ ಎಂಬ ವ್ಯವಸ್ಥೆ ಇದೆ. ಅದನ್ನು ಬಳಸಿಕೊಳ್ಳಿ.

ನಂತರ ಲ್ಯಾಬುಗಳ ಕಡೆ ನಡೆದೆವು. ದಾರಿಯಲ್ಲಿ ಆಟೊಮೋಟಿವ್ ವಿಭಾಗದ ಶೆಡ್ಡು ಸಿಗುತ್ತದೆ. ಲಿಫ್ಟಿನ ಮೇಲೆ ಏರಿಸಿದ ಕಾರುಗಳ ಕೆಳಗೆ ನಿಂತು ಹುಡುಗರೂ ಕೆಲವು ಹುಡುಗಿಯರೂ ಬ್ರೇಕಿನ ಭಾಗ ಬಿಚ್ಚುತ್ತಿದ್ದರು. ಗ್ರೀಸ್ ಮೆತ್ತಿದ ಕೈಯಲ್ಲೇ ಒಬ್ಬಳು ನೋಟ್ಸ್ ಬರೆದುಕೊಳ್ಳುತ್ತಿದ್ದಳು. ಇನ್ನೊಂದೆಡೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಲ್ಲಿ ಲೋಹ ಕಡೆಯುವುದನ್ನು ಕಲಿಸುತ್ತಾರೆ. ಈ ಕಸುಬುಗಳಿಗೆ ಸರ್ಟಿಫಿಕೇಟು ಸಾಕು, ಕೈ ಕೆಲಸ ಬಲ್ಲದ್ದು ಕಂಡರೆ ಮಾಲೀಕರು ಕೆಲಸ ಕೊಡುತ್ತಾರೆ. ನಮ್ಮವರ ಮಕ್ಕಳು ಈ ಕಡೆ ಸುಳಿಯುವುದೇ ಇಲ್ಲವೆಂಬುದು ನನಗೆ ನೋವಿನ ಸಂಗತಿ. ಯಂತ್ರ ಬಿಚ್ಚಿ ಜೋಡಿಸುವ ಆಸೆ ಇರುವ ಹುಡುಗನನ್ನು ಪರದೆಯ ಮುಂದೆಯೇ ಕೂರಿಸುವ ಮನೆಗಳು ನನಗೆ ಗೊತ್ತಿವೆ.

ಆರೋಗ್ಯ ವಿಭಾಗದಲ್ಲಿ ತಮ್ಮನ ಹೆಂಡತಿಯ ಮುಖವೇ ಬದಲಾಯಿತು. ಮೈಕ್ರೋಸ್ಕೋಪು, ಸೆಂಟ್ರಿಫ್ಯೂಜು, ಬಣ್ಣಬಣ್ಣದ ಮುಚ್ಚಳದ ರಕ್ತದ ಟ್ಯೂಬುಗಳು. "ಅಕ್ಕ, ಇದೆಲ್ಲಾ ನಂಗೆ ಗೊತ್ತಿರೋದೇ" ಎಂದು ಬಾಗಿಲ ಗಾಜಿಗೆ ಮುಖವಿಟ್ಟು ನಿಂತಳು. ಅವಳ ಮುಂದೆ ಈಗ ಮೂರು ದಾರಿಗಳಿದ್ದವು. ರಕ್ತ ತೆಗೆಯುವ ಫ್ಲೆಬಾಟಮಿ ಸರ್ಟಿಫಿಕೇಟು ಅತಿ ಚಿಕ್ಕದು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ರಾಜ್ಯದ ಲೈಸನ್ಸ್ ಬೇಕು. ತರಗತಿಯ ಜೊತೆಗೆ ತರಬೇತಿಯಲ್ಲಿ 50 ಸಲ ರಕ್ತನಾಳದಿಂದ, 10 ಸಲ ಬೆರಳಿನಿಂದ ರಕ್ತ ತೆಗೆದು ತೋರಿಸಬೇಕು. ಎರಡನೆಯದು ಮೆಡಿಕಲ್ ಲ್ಯಾಬೊರೇಟರಿ ಟೆಕ್ನಿಶಿಯನ್. ಅದು ಆಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿ ಸೇರಿದ ದೊಡ್ಡ ಕಾರ್ಯಕ್ರಮ, ಸೀಟು ಸೀಮಿತ.

ಮೂರನೆಯದು ಅವಳು ಎಣಿಸದೇ ಇದ್ದದ್ದು. ಇವೆರಡಕ್ಕೂ ಮೇಲಿನದಾದ ಕ್ಲಿನಿಕಲ್ ಲ್ಯಾಬೊರೇಟರಿ ಸೈಂಟಿಸ್ಟ್ ಲೈಸನ್ಸಿಗೆ ವಿಜ್ಞಾನದ ಬ್ಯಾಚುಲರ್ ಪದವಿ, ಹೆಮಟಾಲಜಿ, ಇಮ್ಯುನಾಲಜಿ, ವೈದ್ಯಕೀಯ ಮೈಕ್ರೋಬಯಾಲಜಿ, ಬಯೊಕೆಮಿಸ್ಟ್ರಿ, ಭೌತಶಾಸ್ತ್ರದಂಥ ನಿಗದಿತ ವಿಷಯಗಳು, ಮತ್ತು ಒಂದು ವರ್ಷದ ತರಬೇತಿ ಬೇಕು. ಅವಳ ದಾವಣಗೆರೆಯ ಅಂಕಪಟ್ಟಿಯಲ್ಲಿ ಇವುಗಳಲ್ಲಿ ಹಲವು ಆಗಲೇ ಇವೆ! ನಮ್ಮ ಮೂರು ವರ್ಷದ ಬಿ.ಎಸ್ಸಿ.ಯನ್ನು ಇಲ್ಲಿನ ನಾಲ್ಕು ವರ್ಷದ ಪದವಿಗೆ ಸಮವೆಂದು ಒಪ್ಪುತ್ತಾರೋ ಇಲ್ಲವೋ ಎಂಬುದು ಅಂಕಪಟ್ಟಿಯ ಮೌಲ್ಯಮಾಪನ ಮಾಡುವ ಸಂಸ್ಥೆಯ ವರದಿಯ ಮೇಲೆ ನಿಂತಿದೆ, ಉತ್ತರ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಅದಕ್ಕೇ ಮೊದಲು ವರದಿ ತರಿಸಿ, ರಾಜ್ಯ ಆರೋಗ್ಯ ಇಲಾಖೆಯ ಲ್ಯಾಬೊರೇಟರಿ ಫೀಲ್ಡ್ ಸರ್ವಿಸಸ್ ವಿಭಾಗ ಕೇಳುವ ವಿಷಯಗಳೊಂದಿಗೆ ತಾಳೆ ನೋಡಿ, ಆಮೇಲೆ ಕಾಲೇಜಿಗೆ ಬಾ ಎಂದು ಕೌನ್ಸಿಲರ್ ಅವಳಿಗೆ ಹೇಳಿದ್ದರು. ಕೊರತೆ ಬೀಳುವುದು ಎರಡು ಮೂರು ವಿಷಯ ಮಾತ್ರವಾದರೆ ಅವಳಿಗೆ ಡಿಗ್ರಿಯೂ ಬೇಡ, ಸರ್ಟಿಫಿಕೇಟೂ ಬೇಡ. ಆ ವಿಷಯಗಳನ್ನಷ್ಟೇ ಓದಿದರಾಯಿತು.

ಭಾರತದಿಂದ ಪದವಿ ಹೊತ್ತು ಬಂದ ಎಷ್ಟೋ ಹೆಣ್ಣುಮಕ್ಕಳು ಇದನ್ನು ಯೋಚಿಸದೆ ಮತ್ತೆ ಮೊದಲಿನಿಂದ ಓದಲು ಹೊರಡುತ್ತಾರೆ. ತಾವು ಓದಿದ್ದಕ್ಕೆ ಇಲ್ಲಿ ಬೆಲೆಯಿಲ್ಲ ಎಂದು ತಾವೇ ತೀರ್ಮಾನಿಸಿಬಿಟ್ಟಿರುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟ. ಊರಿನ ಬ್ಯಾಚುಲರ್ ಪದವಿ ಇದ್ದವರಿಗೆ ಅಸೋಸಿಯೇಟ್ ಡಿಗ್ರಿಯಿಂದ ಸಿಗುವುದು ಕಡಿಮೆ. ನರ್ಸಿಂಗ್‌ನಂಥ, ಲೈಸನ್ಸಿಗೆ ಆ ಕಾರ್ಯಕ್ರಮವೇ ಬೇಕಾದ ಕೆಲಸಗಳು ಇದಕ್ಕೆ ಹೊರತು. ಆ ನರ್ಸಿಂಗ್ ಮಾತ್ರ ಎಲ್ಲರಿಗೂ ತೆರೆದಿಲ್ಲ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೊದಲೇ ಓದಿ, ಸೀಟಿಗಿಂತ ಹೆಚ್ಚಿರುವ ಅರ್ಜಿದಾರರ ನಡುವೆ ಕಾಯಬೇಕು.

ಬಿ.ಕಾಂ. ಓದಿದವರ ಲೆಕ್ಕವೂ ಹೀಗೇ. ಸಿಪಿಎ, ಅಂದರೆ ಲೈಸನ್ಸ್ ಪಡೆದ ಅಕೌಂಟೆಂಟ್ ಆಗಬೇಕೆಂದರೆ ರಾಜ್ಯದ ಅಕೌಂಟೆನ್ಸಿ ಮಂಡಳಿ ಅಕೌಂಟಿಂಗ್ ವಿಷಯಗಳ ಯೂನಿಟ್ಟುಗಳನ್ನು ಎಣಿಸುತ್ತದೆ, ಕಡಿಮೆ ಬಿದ್ದದ್ದನ್ನು ಇಂಥ ಕಾಲೇಜಿನಲ್ಲಿ ತುಂಬಿಕೊಳ್ಳಬಹುದು. ಆ ಎಣಿಕೆಯ ನಿಯಮ ಆಗಾಗ ಬದಲಾಗುತ್ತದೆ, ಮಂಡಳಿಯ ಜಾಲತಾಣ ನೋಡದೆ ಹೆಜ್ಜೆ ಇಡಬೇಡಿ. ತೆರಿಗೆ ಕೆಲಸವಷ್ಟೇ ಸಾಕೆನ್ನುವವರಿಗೆ ಫೆಡರಲ್ ಎನ್‌ರೋಲ್ಡ್ ಏಜೆಂಟ್ ಪರೀಕ್ಷೆ ಇದೆ. ಅದಕ್ಕೆ ಯಾವ ಡಿಗ್ರಿಯೂ ಕಡ್ಡಾಯವಲ್ಲ.

ಚೈಲ್ಡ್ ಡೆವಲಪ್‌ಮೆಂಟ್ ಸೆಂಟರಿನ ಹತ್ತಿರ ಬಂದಾಗ ಮಧ್ಯಾಹ್ನ. ಪುಟ್ಟ ಮಕ್ಕಳು ಮರಳಿನಲ್ಲಿ ಆಡುತ್ತಿದ್ದರು. ಇಲ್ಲಿ ಕಲಿಯುವವರಿಗೆ ಇದು ಪಾಠಶಾಲೆಯೂ ಹೌದು. ಸಿಲಿಕಾನ್ ಕಣಿವೆಯ ಭಾರತೀಯ ಗೃಹಿಣಿಯರು ಅತಿ ಹೆಚ್ಚಾಗಿ ವಿಚಾರಿಸುವ ಕೋರ್ಸುಗಳಲ್ಲಿ ಮಕ್ಕಳ ಬೆಳವಣಿಗೆಯ ಈ ಕೋರ್ಸೂ ಒಂದು. ಖಾಸಗಿ ಪ್ರೀಸ್ಕೂಲಿನಲ್ಲಿ ಶಿಕ್ಷಕಿಯಾಗಲು ಮಕ್ಕಳ ಬೆಳವಣಿಗೆಗೆ ಸಂಬಂಧಿಸಿದ 12 ಸೆಮಿಸ್ಟರ್ ಯೂನಿಟ್ ಇರಬೇಕೆಂಬುದು ರಾಜ್ಯದ ನಿಯಮ. ನಾಲ್ಕೈದು ವಿಷಯದಲ್ಲಿ ಮುಗಿಯುತ್ತದೆ. ಸರ್ಕಾರಿ ನೆರವಿನ ಕೇಂದ್ರಗಳಲ್ಲಿ ಮೇಲೇರಬೇಕೆಂದರೆ ಚೈಲ್ಡ್ ಡೆವಲಪ್‌ಮೆಂಟ್ ಪರ್ಮಿಟ್ ಎಂಬ ಬೇರೆಯೇ ಮೆಟ್ಟಿಲುಗಳಿವೆ. ಅಲ್ಲಿ ಮುಂದೆ ಹೋದಂತೆ ಸಾಮಾನ್ಯ ಶಿಕ್ಷಣವೂ ಡಿಗ್ರಿಯೂ ಬೇಕಾಗುತ್ತದೆ. ಕೆಲಸ ಸುಲಭ ಎಂದು ಇದಕ್ಕೆ ಬರುವವರಿಗೆ ನನ್ನ ಮಾತು ಇಷ್ಟೆ. ಒಂದು ಬೆಳಗ್ಗೆ ಆ ಮಕ್ಕಳ ಕೋಣೆಯಲ್ಲಿ ನಿಂತು ನೋಡಿ. ಹತ್ತು ಹನ್ನೆರಡು ಮಕ್ಕಳ ಅಳು, ಊಟ, ಜಗಳ, ನಿದ್ದೆಗಳ ನಡುವೆ ದಿನವಿಡೀ ಸಮಾಧಾನವಾಗಿರುವುದು ಮನಸ್ಸಿಗೆ ಒಗ್ಗಿದರೆ ಮಾತ್ರ ಈ ದಾರಿ ಹಿಡಿಯಿರಿ.

ಇಂಗ್ಲಿಷಿನ ಭಯ ಬಹಳ ಜನರನ್ನು ತಡೆಯುತ್ತದೆ. ಮೊದಲು ಪ್ರವೇಶ ಪರೀಕ್ಷೆ ಇಟ್ಟು, ಕಡಿಮೆ ಅಂಕದವರನ್ನು ಡಿಗ್ರಿಗೆ ಎಣಿಸದ ತಯಾರಿ ತರಗತಿಗಳಲ್ಲಿ ವರ್ಷಗಟ್ಟಲೆ ಕೂರಿಸುತ್ತಿದ್ದರು. 2017ರ ಕಾನೂನು ಅದನ್ನು ಬಹುಪಾಲು ನಿಲ್ಲಿಸಿತು. ಈಗ ನೇರ ಕಾಲೇಜು ಮಟ್ಟದ ಇಂಗ್ಲಿಷ್, ಗಣಿತಕ್ಕೆ ಕೂರಬಹುದು, ಬೇಕಿದ್ದವರಿಗೆ ಜೊತೆಯಲ್ಲೇ ನೆರವಿನ ತರಗತಿ. ಇಂಗ್ಲಿಷ್ ಎರಡನೇ ಭಾಷೆಯಾದವರಿಗೆ ಪ್ರತ್ಯೇಕ ತರಗತಿಗಳೂ ಇವೆ. ಹನ್ನೆರಡು ವಾರದ ಕ್ವಾರ್ಟರ್ ಮಾತ್ರ ಬಹಳ ವೇಗ. ನಾಲ್ಕನೇ ವಾರಕ್ಕೇ ಪರೀಕ್ಷೆ ಎದುರು ನಿಲ್ಲುತ್ತದೆ. ಮನೆ ನಡೆಸುತ್ತ ಓದುವವರು ಮೊದಲ ಸಲ ಒಂದೇ ವಿಷಯ ತೆಗೆದುಕೊಳ್ಳುವುದು ವಿವೇಕ. ಎರಡು ವಿಷಯ, ಒಂಬತ್ತು ಯೂನಿಟ್ಟಿನಂತೆ ಹೋದರೆ 90 ಯೂನಿಟ್ಟಿಗೆ ಹತ್ತು ಕ್ವಾರ್ಟರ್, ಬೇಸಿಗೆ ಬಿಟ್ಟರೆ ಮೂರು ವರ್ಷಕ್ಕೂ ಮೇಲೆ. ಡಿಗ್ರಿ ಆರಿಸುವ ಮುಂಚೆ ಈ ಲೆಕ್ಕವನ್ನು ಗಂಡನೂ ಮಕ್ಕಳೂ ಕೂತು ನೋಡಲಿ, ಆ ಮೂರು ವರ್ಷ ಅಡುಗೆಮನೆ ಯಾರದೆಂಬುದೂ ಅಂದೇ ತೀರ್ಮಾನವಾಗಲಿ.

ಇದೆಲ್ಲ ತಿಳಿಯಲು ನೂರಾರು ಡಾಲರ್ ತೆಗೆದುಕೊಳ್ಳುವ ಖಾಸಗಿ ಸಲಹೆಗಾರರು ಈ ಊರಿನಲ್ಲಿ ಬೇಕಾದಷ್ಟು ಇದ್ದಾರೆ. ಅವರ ಹತ್ತಿರ ಹೋಗುವ ಮುಂಚೆ ಕಾಲೇಜಿಗೇ ಹೋಗಿ. ಊರಿನ ಅಂಕಪಟ್ಟಿಯ ಪ್ರತಿ, ವೀಸಾ ಕಾಗದ, ಲೈಸನ್ಸ್ ಮಂಡಳಿಯ ವಿಷಯಪಟ್ಟಿ ಅಥವಾ ಅಸಿಸ್ಟ್‌ನಿಂದ ತೆಗೆದ ಪಟ್ಟಿ ಕೈಯಲ್ಲಿರಲಿ. ಕೌನ್ಸಿಲರ್ ಬರೆದುಕೊಟ್ಟ ಎಡ್ ಪ್ಲಾನ್ ನೋಡದೆ ಒಂದೂ ತರಗತಿಗೆ ಹಣ ಕಟ್ಟಬೇಡಿ. ಅರ್ಜಿಗೆ ಶುಲ್ಕವಿಲ್ಲ, ಕೌನ್ಸಿಲರ್ ಭೇಟಿಗೂ ಇಲ್ಲ. ಫಾಲ್ ಕ್ವಾರ್ಟರ್ ಸೆಪ್ಟೆಂಬರ್ ಕೊನೆಗೆ ಶುರುವಾಗುತ್ತದೆ, ಆ ಹೊತ್ತಿಗೆ ಕೌನ್ಸಿಲರ್‌ಗಳ ಮುಂದೆ ಉದ್ದ ಸಾಲಿರುತ್ತದೆ. ಬೇಸಿಗೆಗೆ ಮುಂಚೆಯೇ ಹೋಗಿ.